ಆಫ್ರಿಕಾದ ಗೇರುಬೀಜ ಅಲ್ಲೇ ಗೋಡಂಬಿಯಾಗಬೇಕಾದರೆ ನಮ್ಮ ಕಡೆಯಿಂದ ಎಂಥ ಬೆಂಬಲ ಬೇಕು?

ಕಾರ್ಕಳದ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ವ್ಯಾಪಾರಿಗಳ ಒಂದು ಸಂಘದ ಕಚೇರಿಯಲ್ಲಿದ್ದೇನೆ. ಮುಂದಿನ ತಿಂಗಳು ತಾಂಜಾನಿಯಾದಿಂದ ಒಂದು ನಿಯೋಗ ಬರುತ್ತಿದೆ. ತಮ್ಮ ಗೇರುಬೀಜವನ್ನು ತಮ್ಮಲ್ಲೇ ಒಡೆದು, ಗೋಡಂಬಿ ಮಾಡಿ ಮಾರಬೇಕು ಅನ್ನುವುದು ಅವರ ಆಸೆ. ಅದಕ್ಕೆ ಇಲ್ಲಿನ ಉದ್ಯಮಿಗಳ, ಸರ್ಕಾರದ ಬೆಂಬಲ ಹೇಗೆ ಕೂಡಿಸುವುದು ಅಂತ ಎರಡು ಪುಟ ಬರೆದುಕೊಡಲು ನನಗೆ ಹೇಳಿದ್ದಾರೆ.

ಹುಡುಕಿದರೆ ಸಿಗುವುದೆಲ್ಲ ಶೃಂಗಸಭೆಗಳ ಸುದ್ದಿ. 2015ರಲ್ಲಿ ದೆಹಲಿಯ ಭಾರತ–ಆಫ್ರಿಕಾ ಸಭೆಯಲ್ಲಿ 1,000 ಕೋಟಿ ಡಾಲರ್ ಸಾಲದ ಘೋಷಣೆ. 2023ರಲ್ಲಿ ಆಫ್ರಿಕಾ ಒಕ್ಕೂಟ ಜಿ20 ಸೇರಿದ್ದು. ದೊಡ್ಡ ಸಂಗತಿಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಅದರಿಂದ ಒಂದು ಊರಿನ ಒಂದು ಕಾರ್ಖಾನೆಯ ಬಾಗಿಲು ಹೇಗೆ ತೆರೆಯುತ್ತದೆ ಅಂತ ನನಗೆ ಗೊತ್ತಾಗಲಿಲ್ಲ.

ಇನ್ನೊಂದು ಮಾತು. ನಮ್ಮಮ್ಮ 22 ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು. ಆ ಸಂಬಳದಲ್ಲೇ ನಾನು ಬಿಕಾಂ ಮುಗಿಸಿದ್ದು. ಅಲ್ಲಿಗೆ ಬರುತ್ತಿದ್ದ ಬೀಜದಲ್ಲಿ ಆಫ್ರಿಕಾದ್ದೇ ಜಾಸ್ತಿ. ಅದು ಬರುವುದು ನಿಂತರೆ ಅಮ್ಮನಂಥವರ ಗತಿ ಏನು? ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಟಿಪ್ಪಣಿ ಹೇಗೆ ಬರೆಯಲಿ?

ಮ್ಟ್ವಾರಾದಲ್ಲಿದ್ದವ:

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ನಾನು ಮಂಗಳೂರಿನ ಒಂದು ಕಂಪನಿಗಾಗಿ 2009ರಿಂದ 2020ರವರೆಗೆ ಮ್ಟ್ವಾರಾದಲ್ಲಿ ಬೀಜ ಖರೀದಿ ಮಾಡಿದೆ. ತಾಂಜಾನಿಯಾದ ದಕ್ಷಿಣದ ತುದಿ ಅದು. ಅಲ್ಲಿನವರು ಗೇರುಬೀಜಕ್ಕೆ ಕೊರೊಶೊ ಅನ್ನುತ್ತಾರೆ. ನಮ್ಮ ಬೆಳೆ ಫೆಬ್ರವರಿಯಿಂದ ಮೇವರೆಗೆ, ಅವರದ್ದು ಅಕ್ಟೋಬರ್‌ನಲ್ಲಿ ಶುರು. ನಮ್ಮ ಗೋದಾಮು ಖಾಲಿಯಾಗುವ ಹೊತ್ತಿಗೆ ಅವರ ಮಾಲು ಹಡಗು ಹತ್ತುತ್ತದೆ. ಕರಾವಳಿಯ ಕಾರ್ಖಾನೆಗಳು ವರ್ಷವಿಡೀ ನಡೆದದ್ದು ಹೀಗೆ.

ನನ್ನ ದಿನದ ಕೆಲಸ ಬೀಜ ಕೊಯ್ದು ನೋಡುವುದು. ಚೀಲಗಳಿಂದ ಒಂದು ಕೆಜಿ ತೆಗೆದು, ಒಂದೊಂದೇ ಬೀಜ ಸೀಳಿ, ಒಳ್ಳೆಯ ತಿರುಳನ್ನು ತೂಗುವುದು. 80 ಕೆಜಿ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಅಂತ ಲೆಕ್ಕ. ಇದಕ್ಕೆ ಔಟ್‌ಟರ್ನ್ ಅನ್ನುತ್ತೇವೆ. 50 ಬಂದರೆ ಒಳ್ಳೆಯ ಮಾಲು. 50 ಪೌಂಡ್ ಅಂದರೆ ಹತ್ತಿರಹತ್ತಿರ 23 ಕೆಜಿ. ಉಳಿದ 57 ಕೆಜಿ ಚಿಪ್ಪು, ಸಿಪ್ಪೆ, ಹಾಳು ಬೀಜ. ಅದನ್ನೂ ಸಮುದ್ರ ದಾಟಿಸುತ್ತೇವೆ. ಒಮ್ಮೆ ನೆವಾಲಾದ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು ಕೇಳಿದಳು: ನಿಮ್ಮೂರಿನಲ್ಲಿ ತಿರುಳು ಕೆಜಿಗೆ ಎಷ್ಟು? ಹೇಳಿದೆ. ರಸೀದಿಯ ಹಿಂದೆ ಎರಡು ಅಂಕಿ ಬರೆದಳು, ಒಂದು ರೈತನಿಗೆ ಸಿಕ್ಕಿದ್ದು, ಇನ್ನೊಂದು ನಾನು ಹೇಳಿದ್ದು. ಏನೂ ಮಾತಾಡಲಿಲ್ಲ. ಆ ರಸೀದಿಯನ್ನು ಮಡಚಿ ಇಟ್ಟುಕೊಂಡಳು.

ಅವರು ಪ್ರಯತ್ನ ಪಡಲಿಲ್ಲ ಅಂತ ಮಾತ್ರ ಎಲ್ಲೂ ಬರೆಯಬೇಡ. 1973–74ರಲ್ಲಿ ಅಲ್ಲಿ 1.45 ಲಕ್ಷ ಟನ್ ಬೆಳೆದಿತ್ತು. ಆ ಹೊತ್ತಿನಲ್ಲೇ ವಿಶ್ವಬ್ಯಾಂಕಿನ ಸಾಲವನ್ನೂ ತಂದು ದೊಡ್ಡ ದೊಡ್ಡ ಯಂತ್ರದ ಕಾರ್ಖಾನೆಗಳನ್ನು ಕಟ್ಟಿದರು. ಅಷ್ಟರಲ್ಲಿ ಬೆಳೆಯೇ ಕುಸಿಯಿತು. ಉಜಾಮಾ ಅಂತ ಸರ್ಕಾರ ಮಾಡಿದ ಸಾಮೂಹಿಕ ಹಳ್ಳಿಗಳಿಗೆ ಜನರನ್ನು ಕಳಿಸಿದಾಗ ರೈತರು ತಮ್ಮ ಮರಗಳಿಂದ ದೂರವಾದರು. ಕೈಗೆ ಸಿಗುವ ಬೆಲೆ ಕಡಿಮೆಯಾಯಿತು. ಮೇಲಿಂದ ಬೂದಿ ರೋಗ. 1980ರ ದಶಕದ ನಡುವೆ ಬೆಳೆ 20,000 ಟನ್‌ಗಿಂತ ಕೆಳಗಿಳಿಯಿತು. ಕಟ್ಟಿದ ಕಾರ್ಖಾನೆಗಳು ಸುಮ್ನೆ ನಿಂತವು. ಮುಂದೆ ಅವುಗಳಲ್ಲಿ ಕೆಲವು ಗೋದಾಮುಗಳಾದವು, ಅಲ್ಲೇ ನಾನು ಬೀಜ ಕೊಯ್ದದ್ದೂ ಉಂಟು. ರೈತರು ಮಾತ್ರ ಬಿಡಲಿಲ್ಲ. ಮರಗಳಿಗೆ ಗಂಧಕದ ಪುಡಿ ಹೊಡೆದು ಹೊಡೆದು 2017–18ರ ಹೊತ್ತಿಗೆ 3 ಲಕ್ಷ ಟನ್ ದಾಟಿಸಿದರು.

ಪಕ್ಕದ ಮೊಜಾಂಬಿಕ್‌ನದ್ದು ಇನ್ನೂ ನೋವಿನ ಕತೆ. 1990ರ ದಶಕದಲ್ಲಿ ಕಚ್ಚಾ ಬೀಜದ ರಫ್ತು ಸುಂಕ ಇಳಿಸಿ ಅಂತ ವಿಶ್ವಬ್ಯಾಂಕ್ ಪಟ್ಟು ಹಿಡಿಯಿತು. ಸುಂಕ ಇಳಿದ ಮೇಲೆ ಬೀಜ ಭಾರತಕ್ಕೆ ಹೋಯಿತು. ಅಲ್ಲಿನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದರಲ್ಲಿ ಹೆಂಗಸರೇ ಎಷ್ಟೋ ಜನ, ನಿಮ್ಮಮ್ಮನಂಥವರೇ. ಇದನ್ನು ಅವರು ಮರೆತಿಲ್ಲ. ನಿಯೋಗದವರ ಜೊತೆ ಮಾತಾಡುವಾಗ ನಿನಗೆ ಇದು ಗೊತ್ತಿರಬೇಕು.

ಈಗ ನಿನ್ನ ಪ್ರಶ್ನೆಗೆ. ಅಲ್ಲಿ ಕಾರ್ಖಾನೆ ನಡೆಸುವವನ ಕಷ್ಟ ಏನು ಗೊತ್ತಾ? ಬೀಜ ಸಿಗುವುದು ಮೂರು ತಿಂಗಳು, ಕೆಲಸ ನಡೆಯಬೇಕಾದ್ದು ಹನ್ನೆರಡು ತಿಂಗಳು. ಇಡೀ ವರ್ಷದ ಬೀಜವನ್ನು ಹರಾಜಿನಲ್ಲಿ ನಮ್ಮ ಕಂಪನಿ, ವಿಯೆಟ್ನಾಂ ಕಂಪನಿಗಳ ಎದುರು ನಿಂತು ಕೊಳ್ಳಬೇಕು. 2024ರ ಅಕ್ಟೋಬರ್‌ನಲ್ಲಿ ಹರಾಜು ಕೆಜಿಗೆ 4,000 ಶಿಲ್ಲಿಂಗ್ ದಾಟಿತು. ರೈತನಿಗೆ ಹಬ್ಬ, ಕಾರ್ಖಾನೆಯವನಿಗೆ ಎದೆಬಡಿತ. ಅವನು ಬ್ಯಾಂಕಿಗೆ ಹೋದರೆ ಮೊದಲ ಪ್ರಶ್ನೆ: ನಿನ್ನ ತಿರುಳು ಕೊಳ್ಳುವವರು ಯಾರು? ಕೈಯಲ್ಲಿ ಕಾಗದ ಇಲ್ಲದಿದ್ದರೆ ಸಾಲ ಇಲ್ಲ. ನನಗೆ ಗೊತ್ತಿದ್ದ ಒಂದು ಸಣ್ಣ ಕಾರ್ಖಾನೆ ಮೊದಲ ಕಂಟೇನರ್ ಕಳಿಸಿತು. ತೇವ ಸ್ವಲ್ಪ ಜಾಸ್ತಿ ಅಂತ ಹೊರದೇಶದ ಖರೀದಿದಾರ ಮಾಲನ್ನೇ ತಳ್ಳಿಹಾಕಿದ. ಹೇಗೆ ಸರಿಮಾಡಬೇಕು ಅಂತ ಒಂದು ಮಾತು ಹೇಳಲಿಲ್ಲ. ಮುಂದಿನ ಸೀಸನ್‌ಗೆ ಆ ಬಾಗಿಲು ತೆರೆಯಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಹೆಂಗಸರನ್ನು ಆಮೇಲೆ ಸಂತೆಯಲ್ಲಿ ಟೊಮೆಟೊ ಮಾರುವಾಗ ನೋಡಿದೆ.

ಹಾಗಾಗಿ ಟಿಪ್ಪಣಿಯಲ್ಲಿ ಮೊದಲು ಇದನ್ನು ಬರಿ: ಮೂರು ವರ್ಷ ಇಷ್ಟು ತಿರುಳು ಕೊಳ್ಳುತ್ತೇವೆ ಅಂತ ಸಹಿ ಹಾಕುವ ಖರೀದಿದಾರರು ಬೇಕು. ಜೊತೆಗೆ ಆರು ತಿಂಗಳು ಅಲ್ಲಿದ್ದು ತೇವ, ಗ್ರೇಡಿಂಗ್, ಯಂತ್ರದ ಬ್ಲೇಡ್ ನೋಡಿಕೊಳ್ಳುವ ನಮ್ಮ ಕಡೆಯ ಇಬ್ಬರು ಮೇಸ್ತ್ರಿಗಳು ಬೇಕು. ಸಾಲದ ಘೋಷಣೆಗಳನ್ನು ನಾನು ಹಗುರ ಮಾಡುತ್ತಿಲ್ಲ. ತಾಂಜಾನಿಯಾದ ಊರುಗಳಿಗೆ ಕುಡಿಯುವ ನೀರು ತರಲು ಭಾರತ 50 ಕೋಟಿ ಡಾಲರ್ ಸಾಲ ಕೊಟ್ಟಿದೆ, ಅದು ಪುಣ್ಯದ ಕೆಲಸ. ಆದರೆ ನೀರಿನ ಪೈಪು ಬೇರೆ, ಕಾರ್ಖಾನೆಯ ಗಿರಾಕಿ ಬೇರೆ.

ಎರಡನೆಯದು ದೆಹಲಿಯ ಕೆಲಸ. ಬಡ ದೇಶಗಳ ಸರಕಿಗೆ ಸುಂಕ ವಿನಾಯಿತಿ ಕೊಡುತ್ತೇವೆ ಅಂತ 2008ರ ಮೊದಲ ಭಾರತ–ಆಫ್ರಿಕಾ ಶೃಂಗಸಭೆಯಲ್ಲೇ ನಮ್ಮವರು ಹೇಳಿದ್ದಾರೆ. ಆ ಪಟ್ಟಿಯನ್ನು ಸಾಲುಸಾಲಾಗಿ ಓದು. ಕಚ್ಚಾ ಬೀಜದ ಸಾಲಿಗೂ ತಿರುಳಿನ ಸಾಲಿಗೂ ಏನು ವ್ಯತ್ಯಾಸ ಅಂತ ನಿಯೋಗದ ಎದುರೇ ಇಡು. ಬಾಗಿಲು ಬೀಜಕ್ಕೆ ತೆರೆದು ಗೋಡಂಬಿಗೆ ಮುಚ್ಚಿದರೆ ಬೆಂಬಲ ಅನ್ನುವ ಮಾತಿಗೆ ಅರ್ಥ ಇರುವುದಿಲ್ಲ, ಅಲ್ವಾ?

ಪುತ್ತೂರು ಗೇರು:

ಅಣ್ಣಾ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಆ ಬಾಗಿಲು ಸುಮ್ನೆ ಮುಚ್ಚಿದ್ದಲ್ಲ. ನಾನು 60 ಜನ ಕೆಲಸ ಮಾಡುವ ಸಣ್ಣ ಫ್ಯಾಕ್ಟರಿ ನಡೆಸುತ್ತೇನೆ. ಹೊರಗಿನ ಅಗ್ಗದ ತಿರುಳು ಬಂದು ಬಿದ್ದಾಗ ನಮ್ಮ ಸುತ್ತಲಿನ ಎಷ್ಟೋ ಘಟಕಗಳು ಸಾಲದಲ್ಲಿ ಮುಳುಗಿದವು. ಅದಕ್ಕೇ 2019ರಲ್ಲಿ ತಿರುಳಿನ ಸಾಮಾನ್ಯ ಸುಂಕ ಶೇ. 45ರಿಂದ 70ಕ್ಕೆ ಏರಿತು. ಕೆಜಿ ತುಂಡಿಗೆ 680, ಇಡಿಗೆ 720 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಒಳಗೆ ಬರಬಾರದು ಅಂತಲೂ ಆಯಿತು. ಅದು ಬೇಕು ಅಂತ ಕೇಳಿದವರಲ್ಲಿ ನಾನೂ ಒಬ್ಬಳು.

ಆದರೂ ಒಂದು ದಾರಿ ಇದೆ ಅನ್ನಿಸುತ್ತದೆ. ಅವರು ಅಲ್ಲಿ ಬೀಜ ಒಡೆದು, ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ತಿರುಳನ್ನು ಅದರ ಮೇಲಿನ ತೆಳು ಸಿಪ್ಪೆ ಸಮೇತ ಕಳಿಸಲಿ. ಸಿಪ್ಪೆ ತೆಗೆಯುವುದು, ಗ್ರೇಡ್ ಮಾಡುವುದು, ಡಬ್ಬ ತುಂಬುವುದು ಇಲ್ಲಿ. ಹಡಗಿನ ಬಾಡಿಗೆಯಲ್ಲೇ ಎಷ್ಟು ಉಳಿಯುತ್ತದೆ ನೋಡಿ. ಬೀಜ ಬೆಳೆದದ್ದೂ ಒಡೆದದ್ದೂ ಅಲ್ಲೇ ಅಂತ ಪ್ರಮಾಣಪತ್ರ ಕಡ್ಡಾಯ ಇರಬೇಕು. ಇಲ್ಲದಿದ್ದರೆ ವಿಯೆಟ್ನಾಂ ಮಾಲೇ ಆ ಹೆಸರಿನಲ್ಲಿ ಬರುತ್ತದೆ. ಇಷ್ಟಕ್ಕೆ ನಮ್ಮಂಥವರು ಸಹಿ ಹಾಕುತ್ತೇವೆ. ಒಂದು ನಷ್ಟ ಉಂಟು, ಚಿಪ್ಪಿನಿಂದ ಸಿಗುವ ಎಣ್ಣೆ ನಮಗೆ ತಪ್ಪುತ್ತದೆ. ಅದು ಅವರಿಗೆ ಹೋಗಲಿ.

ಹವಾಸಾದಿಂದ ಬಂದವ:

ನಾನು ಗೇರುಬೀಜದವನಲ್ಲ, ಗಾರ್ಮೆಂಟ್ಸ್‌ನವನು. ಇಥಿಯೋಪಿಯಾದ ಹವಾಸಾ ಕೈಗಾರಿಕಾ ಪಾರ್ಕಿನಲ್ಲಿ ಲೈನ್ ಮೇಲ್ವಿಚಾರಕನಾಗಿದ್ದೆ. 2016ರಲ್ಲಿ ಶುರುವಾದ ಪಾರ್ಕ್ ಅದು. ಅಲ್ಲಿ ಹೊಲಿದ ಬಟ್ಟೆಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ. ಆಫ್ರಿಕಾದ ದೇಶಗಳ ಸರಕಿಗೆ ಸುಂಕ ವಿನಾಯಿತಿ ಕೊಡಲು 2000ದಲ್ಲಿ ಅವರು ಮಾಡಿದ ಅಗೋವಾ ಕಾಯ್ದೆಯ ಬಲ ಅದು. ದೇಶದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ನಡೆದ ಯುದ್ಧದ ಕಾರಣಕ್ಕೆ 2022ರ ಜನವರಿ 1ರಿಂದ ಇಥಿಯೋಪಿಯಾದ ಹೆಸರು ಪಟ್ಟಿಯಿಂದ ಹೋಯಿತು. ಯುದ್ಧದಲ್ಲಿ ಆದದ್ದು ಘೋರ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನ ಲೈನಿನಲ್ಲಿ ಹೊಲಿಯುತ್ತಿದ್ದ ಹತ್ತೊಂಬತ್ತರ ಹುಡುಗಿಯರು ಆ ಯುದ್ಧ ಮಾಡಿರಲಿಲ್ಲ. ದೊಡ್ಡ ಖರೀದಿದಾರರು ಹೋದ ಮೇಲೆ ಅವರು ಬ್ಯಾಗ್ ಹಿಡಿದು ಹಳ್ಳಿ ಬಸ್ಸು ಹತ್ತಿದ್ದನ್ನು ನೋಡಿದ್ದೇನೆ.

ಆದ್ದರಿಂದ ಒಂದೇ ದೇಶದ ದಯೆ ನಂಬಿ ಕಟ್ಟಬೇಡಿ ಅಂತ ಬರೆಯಿರಿ. ಆಫ್ರಿಕಾದ ಒಳಗಿನ ಮುಕ್ತ ವ್ಯಾಪಾರ ಒಪ್ಪಂದದಡಿ 2021ರಿಂದ ವ್ಯಾಪಾರ ಶುರುವಾಗಿದೆ. ತಾಂಜಾನಿಯಾದ ಗೋಡಂಬಿ ಕೈರೋದ, ಜೊಹಾನ್ಸ್‌ಬರ್ಗ್‌ನ ಅಂಗಡಿಗೂ ಹೋಗಲಿ.

ಕಾರ್ಕಳದ ಹುಡುಗ:

ಮೂವರಿಗೂ ತುಂಬಾ ಥ್ಯಾಂಕ್ಸ್. ಪುತ್ತೂರಿನ ಅಕ್ಕ ಹೇಳಿದ ಸಿಪ್ಪೆ ಸಮೇತದ ದಾರಿಯನ್ನೇ ಮೊದಲ ಪುಟದಲ್ಲಿ ಇಡುತ್ತಿದ್ದೇನೆ. ಸಭೆಗೆ ಬ್ಯಾಂಕಿನವರನ್ನೂ ಕರೆಯಲು ಹೇಳಿದೆ, ಒಪ್ಪಿದ್ದಾರೆ. ಅಣ್ಣಾ, ಇನ್ನು ಯಾರನ್ನು ಕರೆಯಲಿ?

ನಿನ್ನೆ ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಮೊದಲು ಕೆಲವು ವರ್ಷ ಬೀಜ ಒಡೆಯುವ ಕೆಲಸದಲ್ಲೇ ಇದ್ದವರು. ಅವರು ಕೇಳಿದ್ದು ಒಂದೇ: ಚಿಪ್ಪಿನ ಎಣ್ಣೆ ತಾಗಿ ಕೈ ಸುಡದಂತೆ ಅಲ್ಲಿನ ಹೆಂಗಸರು ಏನು ಹಚ್ಚಿಕೊಳ್ಳುತ್ತಾರೆ?

ಮ್ಟ್ವಾರಾದಲ್ಲಿದ್ದವ:

ಹಳ್ಳಿಯ ಸಹಕಾರ ಸಂಘದಿಂದ ಒಬ್ಬರನ್ನು ಕರೆಸಲು ನಿಯೋಗದವರಿಗೆ ಈಗಲೇ ಬರಿ. ಹರಾಜು ಅಕ್ಟೋಬರ್‌ನಲ್ಲಿ, ಸಹಿ ಜುಲೈ ಒಳಗೆ ಆಗಬೇಕು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಾನು ನೋಡಿದ ಕಾರ್ಖಾನೆಯಲ್ಲಿ ರಬ್ಬರ್ ಗ್ಲೌಸ್ ಕೊಡುತ್ತಿದ್ದರು. ವಾರದಲ್ಲೇ ಹರಿಯುತ್ತಿತ್ತು, ಹೊಸದು ಬರಲು ತಿಂಗಳು. ನಮ್ಮಲ್ಲಿಯ ಹಾಗೆ ಹರಳೆಣ್ಣೆ ಹಚ್ಚಿ ಅಂತ ನಾನೇ ಒಂದು ಬಾಟಲಿ ಕೊಟ್ಟಿದ್ದೆ. ಗ್ಲೌಸಿನ ಖರ್ಚನ್ನೂ ಆ ಖರೀದಿ ಕಾಗದದಲ್ಲಿ ಸೇರಿಸು.