ರೋಮನ್ ಮಂದಿ ಕ್ರಿಶ್ಚಿಯನ್ ಆದ್ಮ್ಯಾಲ ಖರೇನೇ ಬದಲಾದ್ರೇನು?

ಕಲಬುರಗಿ_ಹುಡುಗಿ
ಎಲ್ಲರಿಗೂ ನಮಸ್ಕಾರ. ಎಂಎ ಹಿಸ್ಟರಿ ಮಾಡ್ಲತ್ತೀನ್ರಿ. ಮುಂದಿನ ವಾರ ಸೆಮಿನಾರ್ ಅದ, ಟಾಪಿಕ್ ಏನಂದ್ರ ಶುರುವಿನ ಕ್ರಿಶ್ಚಿಯನ್ ಧರ್ಮದಿಂದ ಹಳೇ ರೋಮನ್ ಸಮಾಜದಾಗ ಏನ್ ಬದಲಾವಣೆ ಆತು ಅಂತ. ಗೈಡ್‌ನ್ಯಾಗ ಎರಡು ಲೈನ್ ಅವ, ದಯೆ ಸಮಾನತೆ ಬಂತು ಗುಲಾಮಗಿರಿ ಹೋತು, ಮುಗೀತು. ಯೂಟ್ಯೂಬ್ ತೆಗದ್ರ ಪೂರಾ ಉಲ್ಟಾ, ಗುಡಿ ಒಡದ್ರು, ಲೈಬ್ರರಿ ಸುಟ್ರು, ರೋಮ್ ಮುಳುಗಿದ್ದೇ ಇವರಿಂದ ಅಂತಾರ. ನನಗ ಬೇಕಾಗಿದ್ದು ರಾಜರ ಕಥಿ ಅಲ್ರಿ, ಆಗಿನ ಸಾದಾ ಮಂದಿ ದಿನದ ಬದುಕಿನ್ಯಾಗ ಏನರ ಫರಕ್ ಬಿತ್ತೋ ಇಲ್ಲೋ? ಓದಿದವರು ಯಾರರ ಇದ್ರ ಹೇಳ್ರಿ.

ಮಾಸ್ತರ_ಬೀದರ
ತಂಗಿ, ಮೊದಲ ಆ ಗುಲಾಮಗಿರಿ ಹೋತು ಅನ್ನೋ ಲೈನ್ ಹೊಡದ್ಹಾಕು. ಹೋಗ್ಲಿಲ್ಲ. ಶುರುವಿನ ಕ್ರಿಶ್ಚಿಯನ್ ಪ್ರಚಾರಕ ಪೌಲ ಓನೇಸಿಮ ಅನ್ನೋ ಗುಲಾಮನ್ನ ಅವನ ಧಣಿ ಫಿಲೆಮೋನನ ಕಡಿಗೇ ವಾಪಸ್ ಕಳಸ್ತಾನ, ತಮ್ಮನಂಗ ನೋಡ್ಕೋ ಅಂತಾನ ಖರೆ, ಆದ್ರ ಗುಲಾಮ್ರನ್ನ ಇಟ್ಕೋಳೋದೇ ತಪ್ಪು ಅಂತ ಬರಿಯಂಗಿಲ್ಲ. ಹಂಗ ನೇರ ಬೈದಾಂವ ಅಂದ್ರ ನಾಲ್ಕನೇ ಶತಮಾನದ ಕೊನೀಗಿನ ಬಿಷಪ್, ನಿಸ್ಸಾದ ಗ್ರೆಗರಿ, ಅವಾ ಒಬ್ಬಂಟಿ.

ಸಾದಾ ಮಂದಿ ಬದುಕು ಬೇಕಂದ್ರ ಪ್ಲಿನಿ ಪತ್ರ ಓದು. ಸುಮಾರು 112ರಾಗ ಈಗಿನ ಟರ್ಕಿಯ ಉತ್ತರ ಭಾಗಕ್ಕ ಗವರ್ನರ್ ಇದ್ದ, ಚಕ್ರವರ್ತಿ ಟ್ರೇಜನ್‌ಗ ಬರೀತಾನ, ಈ ಮಂದಿ ನಸಿಕಿನ್ಯಾಗ ಕೂಡಿ ಹಾಡು ಹಾಡ್ತಾರ, ಕಳವು ಮಾಡಂಗಿಲ್ಲ ಅಂತ ಆಣೆ ಮಾಡ್ತಾರ, ಇವರಿಂದ ಗುಡಿ ಖಾಲಿ ಬಿದ್ದಿದ್ವು, ಬಲಿ ಕೊಟ್ಟ ಮಾಂಸ ಕೊಳ್ಳೋ ಗಿರಾಕಿನೇ ಇರ್ಲಿಲ್ಲ, ಈಗ ಮತ್ತ ಮಾರಾಟ ಶುರು ಆಗ್ಯದ ಅಂತ. ಖರೇದು ತಿಳ್ಕೋಬೇಕಂತ ಅವರ ಸಂಘದಾಗ ಸೇವೆ ಮಾಡೋ ಇಬ್ರು ಗುಲಾಮ ಹೆಣ್ಮಕ್ಕಳಿಗಿ ಹಿಂಸೆ ಕೊಡ್ಸೀನಿ ಅಂತನೂ ಅದೇ ಪತ್ರದಾಗ ಆರಾಮ್ ಬರೀತಾನ. ಗುಲಾಮ ಹೆಣ್ಮಗಳು ಒಂದ್ ಸಂಘದಾಗ ಜವಾಬ್ದಾರಿ ಕೆಲಸದಾಗ ಇದ್ದಳು ಅಂದ್ರ ಅಲ್ಲೇ ನಿನ್ನ ಫರಕ್ ಅದ ನೋಡು.

ಇನ್ನೊಂದು ಬಡವರ ವಿಷಯ. 251ರಾಗ ರೋಮ್ ಬಿಷಪ್ ಕೊರ್ನೇಲಿಯಸ್ ತಮ್ಮ ಚರ್ಚ್ 1500ಕ್ಕಿಂತ ಹೆಚ್ಚು ವಿಧವೆಯರಿಗಿ, ಕಷ್ಟದಾಗ ಇದ್ದವರಿಗಿ ನೋಡ್ಕೋತದ ಅಂತ ಲೆಕ್ಕ ಕೊಡ್ತಾನ. ಅದೇ ಕಾಲದಾಗ ದೊಡ್ಡ ಬ್ಯಾನಿ ಬಿದ್ದಾಗ ನಮ್ಮವರು ರೋಗಿಗಳಿಗಿ ಮುಟ್ಟಿ ಸೇವೆ ಮಾಡಿದ್ರು, ಉಳದವರು ಜೀವ ಹೋಗೋ ಮೊದಲೇ ದಾರಿಗಿ ಒಗದ್ರು ಅಂತ ಅಲೆಕ್ಸಾಂಡ್ರಿಯಾದ ಡಯೋನೀಸಿಯಸ್ ಬರೀತಾನ. ಅವಾ ಬಿಷಪ್, ತನ್ನ ಮಂದೀನ ತಾ ಹೊಗಳ್ಕೋತಾನ, ಸ್ವಲ್ಪ ಕಡಿಮಿ ಮಾಡಿ ಓದ್ಬೇಕು. ಆದ್ರ ಆಗದವರ ಬಾಯಿಂದನೂ ಇದೇ ಮಾತು ಬಂದದ. ಜೂಲಿಯನ್ ಚಕ್ರವರ್ತಿ, 361ರಿಂದ 363, ಹಳೇ ದೇವರ ಪೂಜೆ ಮತ್ತ ತರ್ಬೇಕು ಅಂತ ಹೊಂಟಾಂವ, ತನ್ನ ಪೂಜಾರಿಗಿ ಬೈದು ಬರೀತಾನ, ಈ ಗಲಿಲಾಯದವರು (ಕ್ರಿಶ್ಚಿಯನ್ನರಿಗಿ ಅವಾ ಹಂಗ ಅಂತಿದ್ದ) ತಮ್ಮ ಬಡವರ ಜೊತಿಗಿ ನಮ್ಮ ಬಡವರಿಗೂ ನೋಡ್ಕೋತಾರ, ನಮ್ಮವರಿಗಿ ನಮ್ಮಿಂದ ಏನೂ ಸಿಗವಲ್ದು ಅಂತ. ಊರೂರಿಗಿ ಛತ್ರ ಕಟ್ಟು, ಗೋಧಿ ವೈನ್ ಕಳಸ್ತೀನಿ ಅಂತಾನ. ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಸಾಕ್ಷಿ ಬ್ಯಾರೆ ಬ್ಯಾಡ.

ಬಿದರಿ_ಕೆಲಸ
ಮಾಸ್ತರ್ ಮಾಂಸದ ಮಾತು ತೆಗದ್ರು ಅಂತ ನಂದೊಂದು. ಬೈಬಲ್‌ನ್ಯಾಗ ಎಫೆಸ ಊರಿನ ದೇಮೇತ್ರಿ ಕಥಿ ಅದ, ಅಪೊಸ್ತಲರ ಕೃತ್ಯಗಳು 19. ಅರ್ತೆಮೀ ದೇವಿಯ ಸಣ್ಣ ಸಣ್ಣ ಬೆಳ್ಳಿ ಗುಡಿ ಮಾಡಿ ಮಾರಾಂವ. ಪೌಲ ಬಂದು ಕೈಲಿ ಮಾಡಿದ್ದು ದೇವರಲ್ಲ ಅಂದ ಕೂಡ್ಲೆ ಇವಾ ಎಲ್ಲಾ ಅಕ್ಕಸಾಲ್ಗರಿಗಿ ಕೂಡ್ಸಿ ನಮ್ಮ ರೊಕ್ಕ ಬರೋದೇ ಈ ಧಂದೆಯಿಂದ, ಮೊದಲ ಅದನ್ನ ಹೇಳ್ತಾನ ಆಮ್ಯಾಲ ದೇವಿ ಮರ್ಯಾದಿ ಹೋಗ್ತದ ಅಂತಾನ 😄 ಎರಡು ತಾಸು ಘೋಷಣೆ ಕೂಗ್ಯಾರ, ಕೊನೀಗಿ ಊರಿನ ಅಧಿಕಾರಿ ಬಂದು ತಕರಾರ್ ಇದ್ರ ಕೋರ್ಟಿಗಿ ಹೋಗ್ರಿ ಅಂತ ಮನೀಗಿ ಕಳಸ್ತಾನ. ನಮ್ಮನ್ಯಾಗ ಬೆಳ್ಳಿ ತಂತಿ ಕೂಡ್ಸೋ ಕೆಲಸ ನಡೀತದ, ಆರ್ಡರ್ ನಿಂತ್ರ ಹೆಂಗ್ ಅನಸ್ತದ ಗೊತ್ತದ, ನಾ ಪೂರಾ ದೇಮೇತ್ರಿ ಕಡಿ. ಆಗ ದೇವರು ಅಂದ್ರ ಗುಡಿ, ಜಾತ್ರಿ, ಮಾರ್ಕೆಟ್, ಊರಿನ ಮರ್ಯಾದಿ ಎಲ್ಲಾ ಕೂಡೇ ಇತ್ತು, ಒಂದ್ ಎಳದ್ರ ಎಲ್ಲಾ ಅಳ್ಳಾಡ್ತಿತ್ತು, ನಿಮ್ಮ ಸೆಮಿನಾರಿನ್ಯಾಗ ಇದು ಹಾಕ್ರಿ.

ಭೀಮಾ_ದಂಡಿ, ಯಾದಗಿರಿ
ಮಾಸ್ತರ್ ಭಾಳ ಛಲೋ ಹೇಳಿದ್ರು ಆದ್ರ ಅರ್ಧ ಕಥಿ ಬಿಟ್ರು. ಅಧಿಕಾರ ಕೈಗೆ ಬಂದ್ಮ್ಯಾಲ ಏನ್ ಮಾಡಿದ್ರು ಅದನ್ನೂ ಹೇಳ್ಬೇಕಲ್ರಿ. ಸುಮಾರು 386ರಾಗ ಲಿಬೇನಿಯಸ್ ಅನ್ನೋ ಪೇಗನ್, ಅಂದ್ರ ಹಳೇ ದೇವರ ಪೂಜೆ ಮಾಡೋ ಪಂಡಿತ ಚಕ್ರವರ್ತಿಗಿ ಅರ್ಜಿ ಬರೀತಾನ, ಕರಿ ಅರಿವಿ ಹಾಕ್ಕೊಂಡು ಆನಿಗಿಂತ ಹೆಚ್ಚು ತಿನ್ನೋ ಈ ಸನ್ಯಾಸಿಗಳು ಕಲ್ಲು ಕಬ್ಬಿಣ ಹಿಡ್ಕೊಂಡು ಹಳ್ಳಿ ಗುಡಿ ಕೆಡವ್ಲತ್ತಾರ, ಒಕ್ಕಲಿಗ ತನ್ನ ಹೆಂಡ್ತಿ ಮಕ್ಕಳು ಎತ್ತು ಬೆಳಿ ಎಲ್ಲಾ ಆ ಗುಡಿ ಮ್ಯಾಲ ಭರೋಸಾ ಇಟ್ಟಾನ, ಗುಡಿ ಹೋದ್ರ ಅವನ ಹುರುಪೇ ಹೋಗ್ತದ ಅಂತ. ಅವರೂ ಸಾದಾ ಮಂದಿನೇ ಅಲ್ಲೇನ್ರಿ? ಮುಂದ ಅಲೆಕ್ಸಾಂಡ್ರಿಯಾದಾಗ ಸೆರಾಪಿಸ್ ದೇವರ ಗುಡಿ ಕೆಡವಿದ್ರು, 415ರಾಗ ಹೈಪೇಷಿಯಾ ಅನ್ನೋ ಪೇಗನ್ ಪಂಡಿತಿಗಿ ಗುಂಪು ಕೂಡಿ ಕೊಂದ್ರು. ದಯೆ ಎಷ್ಟಿತ್ತು ಅನ್ನೋದಕ್ಕ ಮೊದಲ ಕ್ರಿಶ್ಚಿಯನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾನೂನು ನೋಡ್ರಿ, ಗಣಿಗಿ ಕಳಸೋ ಕೈದಿಗಳ ಮುಖದ ಮ್ಯಾಲ ಬರೆ ಹಾಕಬ್ಯಾಡ್ರಿ, ಮುಖ ಸ್ವರ್ಗದ ಚೆಲುವಿನಂಗ ಆಗ್ಯದ ಅಂತ. ಕೈ ಕಾಲಿಗಿ ಹಾಕ್ರಿ ಅಂತ!! ಗಣಿ ಅಂತೂ ತಪ್ಪಂಗಿಲ್ಲ.

ಆದ್ರ ರೋಮ್ ಮುಳುಗಿದ್ದು ಇವರಿಂದ ಅನ್ನೋದು ಬೋಗಸ್. ಕ್ರಿಶ್ಚಿಯನ್ನರು ಹೆಚ್ಚಿದ್ದ ಪೂರ್ವದ ಭಾಗ 1453ರ ತನಕ ನಡೀತು.

ಕಲಬುರಗಿ_ಹುಡುಗಿ
ಭಾಳ ಥ್ಯಾಂಕ್ಸ್ ರಿ ಎಲ್ಲರಿಗೂ. ಮನಿ ಒಳಗ ಹೆಣ್ಮಕ್ಕಳ ಬಗ್ಗೆ ಏನರ ಅದೇನ್ರಿ?

ಶಹಾಪುರ_ಅಕ್ಕ
ಅದವ್ವಾ. ಈಜಿಪ್ಟ್‌ನ್ಯಾಗ ಒಂದ್ ಪತ್ರ ಸಿಕ್ಕದ, ಕ್ರಿಸ್ತಪೂರ್ವ 1ನೇ ವರ್ಷದ್ದು. ಹಿಲಾರಿಯೊನ್ ಅನ್ನಾಂವ ಅಲೆಕ್ಸಾಂಡ್ರಿಯಾಕ್ಕ ದುಡಿಲಿಕ್ಕ ಹೋಗ್ಯಾನ, ಊರಾಗ ಬಸಿರು ಹೆಂಡ್ತಿ ಆಲಿಸ್‌ಗ ಬರೀತಾನ. ಚಿಂತಿ ಮಾಡಬ್ಯಾಡ, ಸಣ್ಣದನ್ನ ನೋಡ್ಕೋ, ಪಗಾರ ಬಂದ ಕೂಡ್ಲೆ ಕಳಸ್ತೀನಿ. ಹಡದ್ರ ಗಂಡಿದ್ರ ಇಟ್ಕೋ, ಹೆಣ್ಣಿದ್ರ ಬಿಸಾಕು. ಮುಂದಿನ ಸಾಲಿನ್ಯಾಗೇ ನನ್ನ ಮರೀಬ್ಯಾಡ ಅಂತ ಹೇಳಿ ಕಳಸಿದಿಯಲ್ಲ, ನಿನ್ನ ಹೆಂಗ್ ಮರೀಲಿ ಅಂತಾನ. ಕೆಟ್ಟ ಮನಷ್ಯಾ ಅಲ್ಲ ನೋಡು, ಹೆಂಡ್ತಿ ಮ್ಯಾಲ ಜೀವ, ಆದ್ರ ಹೆಣ್ಣು ಕೂಸು ಒಗಿಯೋದು ಅವನಿಗಿ ವಿಷಯನೇ ಅಲ್ಲ. ಕ್ರಿಶ್ಚಿಯನ್ನರು ಇದು ಪಾಪ ಅಂದ್ರು, ಯಹೂದಿಗಳು ಅವರಕಿಂತ ಮೊದಲೇ ಅಂತಿದ್ರು, ಸ್ಟೋಯಿಕ್ ಅನ್ನೋ ತತ್ವಜ್ಞಾನ ಪಂಥದ ಗುರು ಮುಸೋನಿಯಸ್ ರೂಫಸ್‌ನೂ ಬ್ಯಾಡ ಅಂದಾನ, ಎಲ್ಲಾ ಕ್ರೆಡಿಟ್ ಒಬ್ಬರಿಗೇ ಕೊಡಬ್ಯಾಡ. 374ರಾಗ ಕೂಸು ಕೊಂದ್ರ ಮರಣದಂಡನೆ ಅಂತ ಕಾನೂನು ಬಂತು. ಕದ್ದು ಬಿಟ್ಟು ಹೋಗೋದು ಅದರ ಮ್ಯಾಲೂ ನಿಂದರಲಿಲ್ಲ.

ಕಲಬುರಗಿ_ಹುಡುಗಿ
ಅಕ್ಕಾ ಈ ಪತ್ರನೇ ಮೊದಲ ಸ್ಲೈಡ್ ಹಾಕ್ತೀನಿ. ಮಾಸ್ತರ್, ಕೊನಿ ಡೌಟ್, ಕ್ರಿಶ್ಚಿಯನ್ ಧರ್ಮ ರಾಜ್ಯಧರ್ಮ ಆಗಿದ್ದು 313 ಅಂತ ಬರೀಲ್ಯಾ?

ಮಾಸ್ತರ_ಬೀದರ
ಬರೀಬ್ಯಾಡ. 313ರದ್ದು ಮಿಲಾನ್ ಆಜ್ಞೆ, ಯಾವ ದೇವರನ್ನರ ಪೂಜೆ ಮಾಡ್ಕೋರಿ ಅಂತ ಬರೇ ಪರವಾನಗಿ. ರಾಜ್ಯಧರ್ಮ ಅಂದ್ರ 380, ಥಿಯೊಡೋಸಿಯಸ್ ಚಕ್ರವರ್ತಿ. ಹಳೇ ಪೂಜೆಗಿ ಪೂರಾ ಬಂದಿ 391, 392. ನಡುವಿನ ಆ ಅರವತ್ತು ಎಪ್ಪತ್ತು ವರ್ಷ ಎರಡೂ ಮಂದಿ ಒಂದೇ ಓಣ್ಯಾಗ ಇದ್ರು, ಟೈಮ್ ಸಿಕ್ರ ಅದರ ಮ್ಯಾಲ ಒಂದ್ ಸ್ಲೈಡ್ ಹಾಕು.