ಜೌಗು ಪ್ರದೇಶಕ್ಕೆ ಹೋಗಿ ಬಂದೆವು, ಏನೂ ಕಾಣಲಿಲ್ಲ. ಎಲ್ಲಿ ತಪ್ಪಿದೆವು?

ಕೆಸರುಗಾಲು:
ಕಳೆದ ಭಾನುವಾರ ಮನೆಯವರೆಲ್ಲ ಒಂದು ಸಂರಕ್ಷಿತ ಜೌಗು ಪ್ರದೇಶಕ್ಕೆ ಹೋಗಿದ್ದೆವು. ಫೋಟೋ ನೋಡಿ ಆಸೆಪಟ್ಟು ಹೋದದ್ದು. ಬಾತು, ಹೆಜ್ಜಾರ್ಲೆ, ನೀರುನಾಯಿ ಎಲ್ಲ ಇವೆ ಅಂತ ಬಾಗಿಲ ಹತ್ತಿರದ ಬೋರ್ಡಿನಲ್ಲೂ ಬರೆದಿತ್ತು. ನಾವು ಒಳಗೆ ಹೋದಾಗ ಬೆಳಿಗ್ಗೆ 11 ಗಂಟೆ. ಆರು ಕಿಲೋಮೀಟರ್ ದಾರಿ, ಎರಡು ಗಂಟೆಯಲ್ಲಿ ಪೂರ್ತಿ ಸುತ್ತಿದೆವು. ಕಂಡದ್ದು ನಾಲ್ಕು ಬೆಳ್ಳಕ್ಕಿ, ನೀರಿನ ಆಚೆ ದಡದಲ್ಲಿ ಕಪ್ಪು ಚುಕ್ಕಿಗಳ ಹಾಗೆ ಏನೋ ಒಂದಷ್ಟು, ಆಮೇಲೆ ಬಿಸಿಲು. ಏಳು ವರ್ಷದ ಮಗ ಅರ್ಧ ದಾರಿಯಲ್ಲೇ "ಮನೆಗೆ ಹೋಗೋಣ" ಅಂತ ಶುರುಮಾಡಿದ.

ಮುಂದಿನ ತಿಂಗಳು ಇನ್ನೊಂದು ಸಲ ಹೋಗೋಣ ಅಂತಿದ್ದೇನೆ. ಅಮ್ಮನೂ ಬರುತ್ತಾರೆ, ಅವರಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಯಾವ ಹೊತ್ತಿಗೆ ಹೋಗಬೇಕು, ಏನು ನೋಡಬೇಕು, ಏನು ತಗೊಂಡು ಹೋಗಬೇಕು? ಅನುಭವ ಇದ್ದವರು ಸ್ವಲ್ಪ ಹೇಳಿ.

ಜೊಂಡಿನ ಮರೆ:
ಆರು ಕಿಲೋಮೀಟರ್ ಎರಡು ಗಂಟೆಯಲ್ಲಿ! ನಿಮ್ಮ ಸಮಸ್ಯೆ ಅಲ್ಲೇ ಇದೆ. ಇದು ವಾಕಿಂಗ್ ಹೋಗುವ ಜಾಗವೇ, ಆದರೆ ನಡೆಯುವುದು ಎರಡು ಕೂರುವ ಜಾಗಗಳ ನಡುವೆ ಅಷ್ಟೇ. ನಾಲ್ಕು ಜನ ಮಾತಾಡುತ್ತಾ ಏರಿಯ ಮೇಲೆ ಬಂದರೆ ನಿಮ್ಮ ಆಕಾರ ಆಕಾಶದ ಎದುರು ಕಪ್ಪಾಗಿ ಎದ್ದು ಕಾಣುತ್ತದೆ. ನೀವು ಹಕ್ಕಿಗಳನ್ನು ನೋಡುವ ಮೊದಲೇ ಅವು ನಿಮ್ಮನ್ನು ನೋಡಿ ಆಚೆ ದಡಕ್ಕೆ ಈಜಿರುತ್ತವೆ. ಆ ಕಪ್ಪು ಚುಕ್ಕಿಗಳು ಅವೇ.

ಸೂರ್ಯ ಹುಟ್ಟುವ ಹೊತ್ತಿಗೆ ಒಳಗೆ ಇರಿ. ಮೊದಲ ಎರಡು ಗಂಟೆ ಚಿನ್ನ. ಸಂಜೆಯ ಕೊನೆಯ ಒಂದು ಗಂಟೆಯೂ ಹಾಗೇ, ಬೆಳ್ಳಕ್ಕಿ, ನೀರುಕಾಗೆ ಎಲ್ಲ ಗುಂಪು ಗುಂಪಾಗಿ ಮರಕ್ಕೆ ವಾಪಸ್ ಬರುವ ಹೊತ್ತು. ಬೆಳಿಗ್ಗೆಯಾದರೆ ನೀರಿನ ಪೂರ್ವ ದಡದಲ್ಲಿ ಕೂತು ಪಶ್ಚಿಮಕ್ಕೆ ನೋಡಿ. ಬೆಳಕು ಬೆನ್ನಿಗೆ ಬಿದ್ದರೆ ಬಣ್ಣ ಕಾಣುತ್ತದೆ, ಎದುರಿಗೆ ಬಿದ್ದರೆ ಎಲ್ಲವೂ ಕಾಗೆ.

ಮರೆಗೂಡು ಇದ್ದರೆ, ಅದೇ, ಕಿಂಡಿ ಬಿಟ್ಟ ಮರದ ಕೋಣೆ, ಕನಿಷ್ಠ ನಲವತ್ತು ನಿಮಿಷ ಅಲ್ಲಾಡದೆ ಕೂರಿ. ಮೊದಲ ಹತ್ತು ನಿಮಿಷ ಏನೂ ಇರಲ್ಲ, ಎದ್ದು ಹೋಗೋಣ ಅನಿಸುತ್ತದೆ. ಹೋಗಬೇಡಿ. ನೀವು ಬಂದಾಗ ಜೊಂಡಿನೊಳಗೆ ಸರಿದಿದ್ದ ನಾಮದ ಕೋಳಿ ಮೊದಲು ಹೊರಗೆ ಬರುತ್ತದೆ, ಅದು ಬಂದ ಮೇಲೆ ಬೇರೆಯವು. ಎದುರಿಗೆ ನೀರಿನ ಮೇಲೆ ಬಾಗಿದ ಒಣ ಕಡ್ಡಿ ಇದ್ದು ಅದರ ಮೇಲೆ ಹಿಕ್ಕೆಯ ಬಿಳಿ ಕಲೆ ಇದ್ದರೆ ಅದರ ಮೇಲೆ ಕಣ್ಣಿಡಿ. ಮಿಂಚುಳ್ಳಿ ಹಾರಿಹೋದರೂ ಮತ್ತೆ ಅದೇ ಕಡ್ಡಿಗೆ ಬರುತ್ತದೆ. ಕಿಂಡಿಯಿಂದ ಕೈ ಮಾತ್ರ ಹೊರಗೆ ಚಾಚಬೇಡಿ, ನಲವತ್ತು ನಿಮಿಷದ ತಪಸ್ಸು ಒಂದು ಸೆಕೆಂಡಲ್ಲಿ ಹೋಗುತ್ತದೆ.

ಉಬ್ಬರ ಇಳಿತ:
ಮೇಲಿನವರು ಹೇಳಿದ್ದು ಕೆರೆ, ಜೊಂಡು ಇರುವ ಕಡೆಗೆ ಸರಿ. ಆದರೆ ನೀವು ಹೋಗಿದ್ದು ಎಂಥ ಜಾಗ ಅಂತ ಹೇಳಲೇ ಇಲ್ಲವಲ್ಲ? ಜೌಗು ಅಂದರೆ ಬರೀ ಕೆಸರಲ್ಲ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಊರಿನಲ್ಲಿ ಜೌಗು ಪ್ರದೇಶಗಳನ್ನು ಉಳಿಸುವ ಒಪ್ಪಂದ ಆದಾಗ ಕೆರೆ, ನದಿ, ಮನುಷ್ಯ ಕಟ್ಟಿದ ಜಲಾಶಯ, ಇಳಿತದ ಹೊತ್ತಲ್ಲಿ ಆರು ಮೀಟರ್‌ವರೆಗೆ ಆಳ ಇರುವ ಸಮುದ್ರದಂಚು, ಎಲ್ಲವನ್ನೂ ಇದರೊಳಗೆ ಸೇರಿಸಿದರು. ಹಾಗಾಗಿ "ಯಾವ ಹೊತ್ತಿಗೆ ಹೋಗಬೇಕು" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ.

ಕಡಲಂಚಿನ ಕೆಸರು ಬಯಲಾದರೆ ಗಡಿಯಾರಕ್ಕಿಂತ ಉಬ್ಬರದ ಪಟ್ಟಿ ಮುಖ್ಯ. ಇಳಿತದಲ್ಲಿ ಹೋದರೆ ಹಕ್ಕಿಗಳೆಲ್ಲ ಒಂದು ಕಿಲೋಮೀಟರ್ ಆಚೆ ನೀರಿನಂಚಲ್ಲಿ ಮೇಯುತ್ತಿರುತ್ತವೆ, ನಿಮಗೆ ಇರುವೆ ಸಾಲು ಕಂಡ ಹಾಗೆ. ಉಬ್ಬರ ಪೂರ್ತಿ ಆಗುವುದಕ್ಕೆ ಎರಡು ಗಂಟೆ ಮೊದಲು ಹೋಗಿ ಕೂತರೆ ನೀರೇ ಅವನ್ನು ತಳ್ಳಿಕೊಂಡು ನಿಮ್ಮ ಹತ್ತಿರ ತರುತ್ತದೆ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ದಿನಕ್ಕೆ ಐವತ್ತು ನಿಮಿಷ ಮುಂದೆ ಹೋಗುತ್ತದೆ. ಈ ವಾರ ಸರಿ ಇದ್ದ ಹೊತ್ತು ಮುಂದಿನ ವಾರ ಪೂರ್ತಿ ತಲೆಕೆಳಗು.

ಒಳನಾಡಿನದಾದರೆ ನೀರಿನ ಮಟ್ಟ ನೋಡಿ. ಮಳೆ ಬಂದು ತುಂಬಿ ತುಳುಕುವಾಗ ನೋಡೋಕೆ ಚೆಂದ, ಆದರೆ ಉದ್ದ ಕಾಲಿನ ಹಕ್ಕಿಗಳಿಗೆ ನಿಲ್ಲೋಕೆ ಜಾಗವೇ ಇರಲ್ಲ. ನೀರು ಇಳಿದು ಅಂಚಲ್ಲಿ ಕೆಸರು ಬಿಚ್ಚಿಕೊಂಡಾಗ ಮೀನು, ಹುಳು ಎಲ್ಲ ಚಿಕ್ಕ ಜಾಗದಲ್ಲಿ ಸಿಕ್ಕಿಬೀಳುತ್ತವೆ, ಆಗ ಸಂತೆ ಸೇರುತ್ತದೆ. ಆ ಸಂತೆಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅಂತ ನೋಡಿ. ಒದ್ದೆ ಮಣ್ಣಿನ ಮೇಲೆ ಓಡಾಡುವವು ಗಿಡ್ಡ ಕೊಕ್ಕಿನ ಪುಟಾಣಿಗಳು, ಪಾದ ಮುಳುಗುವಷ್ಟು ನೀರಿನಲ್ಲಿ ಗೊರವಗಳು, ಅದಕ್ಕಿಂತ ಆಳದಲ್ಲಿ ಮೆಟ್ಟುಗಾಲು ಹಕ್ಕಿ, ಅದರಾಚೆ ತಲೆ ಮುಳುಗಿಸಿ ಬಾಲ ಮೇಲೆತ್ತುವ ಬಾತುಗಳು, ತೀರಾ ಆಳದಲ್ಲಿ ಪೂರ್ತಿ ಮುಳುಗಿ ಏಳುವ ನೀರುಕಾಗೆ. ಕಾಲು ಎಷ್ಟು ಉದ್ದ, ಕೊಕ್ಕು ಎಷ್ಟು ಉದ್ದ ಅಂತ ನೋಡಿದರೆ ಊಟ ಏನು ಅಂತ ನೀವೇ ಹೇಳಬಹುದು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಮಕ್ಕಳಿಗೆ ಈ ಆಟ ತುಂಬಾ ಇಷ್ಟ.

ಏರೋಪ್ಲೇನ್ ಚಿಟ್ಟೆ:
11 ಗಂಟೆಗೆ ಏನೂ ಇರಲ್ಲ ಅನ್ನುವುದನ್ನು ನಾನು ಒಪ್ಪಲ್ಲ! ಹಕ್ಕಿ ನೋಡುವವರದು ಯಾವಾಗಲೂ ಇದೇ ಕಥೆ, ಕತ್ತು ಮೇಲೆ, ಕಾಲ ಹತ್ತಿರ ಇರುವುದು ಕಾಣಲ್ಲ. ಏರೋಪ್ಲೇನ್ ಚಿಟ್ಟೆಗಳಿಗೆ ಬಿಸಿಲೇರಿದ ಮೇಲೇ ಹಗಲು. ಒಂದು ಕಡ್ಡಿ ಹಿಡಿದು ಕೂತ ಗಂಡು ತನ್ನ ನೀರಿನ ತುಂಡಿಗೆ ಬಂದ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಿ ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತದೆ. ಹೆಣ್ಣು ಬಾಲದ ತುದಿಯನ್ನು ನೀರಿಗೆ ತಟ್ಟಿ ತಟ್ಟಿ ಮೊಟ್ಟೆ ಇಡುತ್ತದೆ. ಜೊಂಡಿನ ಕಾಂಡದ ಮೇಲೆ, ನೀರಿನಿಂದ ಒಂದು ಗೇಣು ಮೇಲೆ, ಬೆನ್ನು ಸೀಳಿದ ಒಣ ಚಿಪ್ಪು ಅಂಟಿಕೊಂಡಿರುತ್ತದೆ, ಹುಡುಕಿ. ಅಷ್ಟು ದಿನ ನೀರಿನೊಳಗೆ ಬೇಟೆಯಾಡಿಕೊಂಡಿದ್ದ ಮರಿ ಮೇಲೆ ಹತ್ತಿ ಅದನ್ನು ಕಳಚಿಟ್ಟು ಹಾರಿಹೋಗಿದ್ದು. ಮಗನಿಗೆ ತೋರಿಸಿ, "ಮನೆಗೆ ಹೋಗೋಣ" ಅನ್ನೋದು ಬಿಡುತ್ತಾನೆ.

ನೀರುನಾಯಿ ಕಾಣುವುದು ಅದೃಷ್ಟ. ಆದರೆ ಗುರುತು ಸಿಗುತ್ತದೆ. ಕೆಸರಲ್ಲಿ ಐದು ಬೆರಳಿನ ಹೆಜ್ಜೆ ನೋಡಿ, ನಾಯಿದಾದರೆ ನಾಲ್ಕೇ ಬೆರಳು. ಬಂಡೆಯ ಮೇಲೆ, ದಡದ ಎತ್ತರದ ಜಾಗದಲ್ಲಿ ಮೀನಿನ ಹುರುಪೆ, ಮುಳ್ಳು ತುಂಬಿದ ಹಿಕ್ಕೆ ಇದ್ದರೆ ಅದೇ.

ಕೆಸರುಗಾಲು:
ಎಲ್ಲರಿಗೂ ಥ್ಯಾಂಕ್ಸ್. ನಾವು ಹೋಗಿದ್ದು ಒಳನಾಡಿನದು, ಕೆರೆ ಮತ್ತು ಜೊಂಡು. ಬೈನಾಕ್ಯುಲರ್ ಒಂದಿದೆ, 10x50. ಆದರೆ ಅದರಲ್ಲಿ ಏನೂ ಕಾಣಲ್ಲ ಅಂತ ಮಗ, ಅಮ್ಮ ಇಬ್ಬರೂ ಹೇಳುತ್ತಾರೆ. ನನಗೂ ಮಸುಕೇ. ಹೊಸದು ತಗೋಬೇಕಾ?

ದಡದ ಕಲ್ಲು:
ತಗೋಬೇಡಿ, ಮೊದಲು ಇರುವುದನ್ನು ಹೊಂದಿಸಿ. ಹತ್ತರಲ್ಲಿ ಎಂಟು ಜನ ಇದನ್ನು ಮಾಡಿಯೇ ಇರಲ್ಲ (ಲೆಕ್ಕ ನನ್ನದೇ, ನಂಬಬೇಡಿ). ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ಮಾತ್ರ ದೂರದ ಒಂದು ಬೋರ್ಡನ್ನು ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಕೊಳವೆಯ ಉಂಗುರವನ್ನು ಮಾತ್ರ ತಿರುಗಿಸಿ. ಮುಗಿಯಿತು. ಉಂಗುರ ನಿಂತ ಜಾಗ ನೆನಪಿಟ್ಟುಕೊಳ್ಳಿ, ಆಮೇಲೆ ಚಕ್ರ ಒಂದೇ ಸಾಕು. ಆದರೆ ಅದು ನಿಮ್ಮ ಕಣ್ಣಿಗೆ ಮಾತ್ರ, ಅಮ್ಮನಿಗೆ ಕೊಟ್ಟಾಗ ಮತ್ತೆ ಹೊಂದಿಸಬೇಕು. ಅವರಿಗೆ ಕನ್ನಡಕ ಇದ್ದರೆ ಕಣ್ಣಿನ ಹತ್ತಿರದ ರಬ್ಬರ್ ಬಟ್ಟಲನ್ನು ಮಡಚಿ ಕೊಡಿ, ಇಲ್ಲವಾದರೆ ಸುತ್ತ ಕಪ್ಪೇ ಕಾಣುತ್ತದೆ. ಮಗನಿಗೆ ಎರಡು ಕೊಳವೆಗಳನ್ನು ಹತ್ತಿರಕ್ಕೆ ಮಡಚಿ, ಮಕ್ಕಳ ಕಣ್ಣಿನ ನಡುವಿನ ಅಂತರ ಕಡಿಮೆ.

ಇನ್ನೊಂದು ವಿಷಯ. ಹಕ್ಕಿ ಕಂಡ ತಕ್ಷಣ ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ.

ಮುಂದೆ ಯಾವಾಗಲಾದರೂ ಕೊಳ್ಳುವುದಾದರೆ 8x42. ಎಂಟು ಅಂದರೆ ಎಷ್ಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಹತ್ತು ಪಟ್ಟಿನದು ಕೈ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ, 50ರ ಗಾಜು ಕುತ್ತಿಗೆಗೆ ಭಾರ.

ಮಬ್ಬು ಬೆಳಕು:
ಕ್ಯಾಮೆರಾ ವಿಷಯ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ಜಾಸ್ತಿ ಹಾಳು ಮಾಡುವವರು ನಮ್ಮವರೇ. ಒಳ್ಳೆ ಫೋಟೋ ಬೇಕು ಅಂತ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತೇವೆ. ಮೇಯುತ್ತಿದ್ದ ಹಕ್ಕಿ ತಲೆ ಎತ್ತಿ ನಿಂತರೆ ಸಾಕು ಅಂತ ಅರ್ಥ. ಎಲ್ಲವೂ ಒಂದೇ ದಿಕ್ಕಿಗೆ ಸುಮ್ನೆ ನಡೆಯತೊಡಗಿದರೆ ನೀವು ಆಗಲೇ ಹತ್ತಿರ ಹೋಗಿದ್ದೀರಿ, ಹಿಂದೆ ಬನ್ನಿ. ಹಾರಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 2022ರಲ್ಲಿ ಗುರುತಿನ ಸಾಧನ ಹಾಕಿದ್ದ ಬಾರ್‌ಟೇಲ್ಡ್ ಗಾಡ್‌ವಿಟ್ ಅನ್ನುವ ವಲಸೆ ಹಕ್ಕಿಯ ಒಂದು ಮರಿ, ಹುಟ್ಟಿ ಐದೇ ತಿಂಗಳು, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ ಹನ್ನೊಂದು ದಿನ ಹಾರಿತು. ಅದಕ್ಕೆ ಬೇಕಾದ ಕೊಬ್ಬನ್ನೆಲ್ಲ ಹೊರಡುವ ಮೊದಲು ಕೆಸರಲ್ಲಿ ಕೆದಕಿ ತಿಂದೇ ಕೂಡಿಸಿಕೊಳ್ಳಬೇಕು. ನಮ್ಮ ಒಂದು ಫೋಟೋಗೆ ಅಂಥವು ಎದ್ದು ಹಾರಿದರೆ ತಿನ್ನುವ ಹೊತ್ತೂ ಹೋಯಿತು, ಕೂಡಿಟ್ಟ ಕೊಬ್ಬೂ ಖರ್ಚಾಯಿತು.

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಗೂಡಿನ ಹತ್ತಿರ ಹೋಗಬೇಡಿ. ಡ್ರೋನ್ ಅಂತೂ ಬೇಡವೇ ಬೇಡ. ಬಾತಿಗೆ ಬ್ರೆಡ್ಡೂ ಬೇಡ.

ಹಲಗೆ ದಾರಿ:
ಅಮ್ಮನನ್ನು ಕರೆದುಕೊಂಡು ಹೋಗುವ ವಿಷಯಕ್ಕೆ. ನನ್ನ ಅಪ್ಪನನ್ನು ಹೀಗೇ ಕರೆದುಕೊಂಡು ಹೋಗಿ ಪಾಠ ಕಲಿತಿದ್ದೇನೆ. ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿ: ಹಲಗೆ ದಾರಿ ಎಷ್ಟು ದೂರ ಇದೆ, ಬೆಂಚು ಎಲ್ಲೆಲ್ಲಿ ಇದೆ, ಶೌಚಾಲಯ ಎಲ್ಲಿದೆ. ನಾವು ಹೋದ ಕಡೆ "ಎಲ್ಲ ಇದೆ" ಅಂದರು, ಇತ್ತು ಕೂಡ, ಆದರೆ ಎಲ್ಲವೂ ಬಾಗಿಲ ಹತ್ತಿರವೇ. ಅಪ್ಪ ಎರಡು ಕಿಲೋಮೀಟರ್ ಆಚೆ ಒಂದು ಕಲ್ಲಿನ ಮೇಲೆ ಕೂತು ನನ್ನನ್ನು ಬೈದದ್ದು ಆ ದಿನದ ಮುಖ್ಯ ವನ್ಯಜೀವಿ ಅನುಭವ. ಮಡಚುವ ಕುರ್ಚಿ ಒಂದು ಹಿಡಿದುಕೊಳ್ಳಿ.

ಬೆಳಿಗ್ಗೆ ಇಬ್ಬನಿಗೆ ಮರದ ಹಲಗೆ ಪಾಚಿಗಟ್ಟಿ ಜಾರುತ್ತದೆ, ಅಮ್ಮನ ಕೈ ಹಿಡಿದುಕೊಳ್ಳಿ. ಮಗನಿಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಿ: ಹಸಿರಾಗಿ ಹುಲ್ಲುಹಾಸಿನ ಹಾಗೆ ಕಂಡದ್ದೆಲ್ಲ ನೆಲ ಅಲ್ಲ. ನೀರಿನ ಮೇಲೆ ತೇಲುವ ಗಿಡ ಎಷ್ಟೋ ಸಲ ಗಟ್ಟಿ ನೆಲದ ಹಾಗೇ ಕಾಣುತ್ತದೆ. ಮೊಸಳೆ ಇರುವ ಜಾಗವಾದರೆ ನೀರಿನಂಚಿಗೂ ಬೇಡ. ಮೈ ತುಂಬ ಬಟ್ಟೆ, ಮಣ್ಣಿನ ಬಣ್ಣದ್ದು, ಬಿಳಿ ಬೇಡ. ಸೊಳ್ಳೆಗೆ ಹಚ್ಚುವ ಎಣ್ಣೆ.

ವಾಪಸ್ ಬಂದ ಮೇಲೆ ಶೂ ತೊಳೆದು ಪೂರ್ತಿ ಒಣಗಿಸಿ. ಸ್ವಚ್ಛತೆಗೆ ಹೇಳುತ್ತಿಲ್ಲ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ, ಕಳೆ ಗಿಡಗಳ ಬೀಜ ಇವೆಲ್ಲ ಒದ್ದೆ ಕೆಸರಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುತ್ತವೆ.

ಕೆಸರುಗಾಲು:
ಹೋಗಿ ಬಂದೆವು! ಬೆಳಗಾಗುವ ಮೊದಲೇ ಬಾಗಿಲಲ್ಲಿದ್ದೆವು. ಈ ಸಲ ನಡೆದದ್ದು ಒಟ್ಟು ಒಂದು ಕಿಲೋಮೀಟರ್ ಇರಬಹುದು. ಅಮ್ಮ ಕುರ್ಚಿ ಹಾಕಿಕೊಂಡು ಕೂತರು, ಎದ್ದೇ ಇಲ್ಲ. ಹತ್ತು ನಿಮಿಷ ಏನೂ ಇರಲಿಲ್ಲ, ನಿಜ. ಆಮೇಲೆ ನಾಮದ ಕೋಳಿ ಬಂತು, ಅದೂ ನಿಜ. ಸುಮಾರು ಏಳೂವರೆಗೆ ಇದ್ದಕ್ಕಿದ್ದ ಹಾಗೆ ಬಾತುಗಳೆಲ್ಲ ಒಟ್ಟಿಗೆ ಎದ್ದವು. ನಾನು ಯಾರೋ ಗದ್ದಲ ಮಾಡಿದರು ಅಂತ ಹಿಂದೆ ತಿರುಗಿದೆ. ಅಮ್ಮ "ಹಿಂದೆ ಅಲ್ಲ, ಮೇಲೆ ನೋಡು" ಅಂದರು. ಹಳ್ಳಿಯಲ್ಲಿ ಕೋಳಿ ಸಾಕಿದವರು, ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಬೇಟೆ ಹಕ್ಕಿ ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿ ಜೊಂಡಿನ ಮೇಲೆ ತೇಲಿಕೊಂಡು ಹೋಗುತ್ತಿತ್ತು, ಜೌಗು ಸೆಳೆವ ಅಂತ ಅಲ್ಲಿದ್ದ ಒಬ್ಬರು ಹೇಳಿದರು.

ನೀರುನಾಯಿ ಕಾಣಲಿಲ್ಲ. ಹಿಕ್ಕೆ ಸಿಕ್ಕಿತು, ಹುರುಪೆ ಸಮೇತ. ಮಗ ಬಗ್ಗಿ ಮೂಸಿ ನೋಡಿ "ಮೀನು" ಅಂತ ತೀರ್ಪು ಕೊಟ್ಟ. ಅವನ ಜೇಬಿನಲ್ಲಿ ಏರೋಪ್ಲೇನ್ ಚಿಟ್ಟೆಯ ಚಿಪ್ಪು ಮೂರು ಇದ್ದವು, ಅಲ್ಲೇ ಬಿಟ್ಟು ಬರೋಣ ಅಂತ ಒಪ್ಪಿಸೋಕೆ ಅರ್ಧ ಗಂಟೆ.

ಒಂದು ಪ್ರಶ್ನೆ ಉಳಿಯಿತು. ನೀರಿನಂಚಿನ ಕಲ್ಲುಗಳ ಮೇಲೆ ಕಂದು ಬಣ್ಣದ ಪುಟ್ಟ ಹಕ್ಕಿ, ಹೊಟ್ಟೆ ಬಿಳಿ, ನಿಂತಲ್ಲೇ ಹಿಂಭಾಗ ಮೇಲೆ ಕೆಳಗೆ ಕುಣಿಸುತ್ತಲೇ ಇತ್ತು. ಯಾವುದು?

ಉಬ್ಬರ ಇಳಿತ:
ಬಾಲ ಉದ್ದವಾಗಿ ತೆಳ್ಳಗಿತ್ತಾ, ಬಾಲ ಮಾತ್ರ ಕುಣಿಯುತ್ತಿತ್ತಾ? ಹಾಗಿದ್ದರೆ ಸಿಪಿಲೆ. ಬಾಲ ಗಿಡ್ಡ, ಕೊಕ್ಕು ನೇರ, ಸೊಂಟದಿಂದ ಹಿಂದೆ ಪೂರ್ತಿ ಕುಣಿಯುತ್ತಿತ್ತು ಅಂದರೆ ಗದ್ದೆಗೊರವಗಳಲ್ಲಿ ಒಂದು, ಕಾಮನ್ ಸ್ಯಾಂಡ್‌ಪೈಪರ್. ಎದೆಯ ಪಕ್ಕದಲ್ಲಿ, ರೆಕ್ಕೆಯ ಮುಂದೆ ಹೊಟ್ಟೆಯ ಬಿಳುಪು ಬೆಣೆಯ ಹಾಗೆ ಮೇಲೆ ಹತ್ತಿರುತ್ತದೆ. ಮಗನನ್ನು ಕೇಳಿ ನೋಡಿ, ಅವನು ನೋಡಿರುತ್ತಾನೆ.

ಕೆಸರುಗಾಲು:
ಕೇಳಿದೆ. "ಬಿಳಿ ಇತ್ತು, ಬಾಲ ಗಿಡ್ಡ, ನೀನು ಆಗ ಫೋನ್ ನೋಡುತ್ತಿದ್ದೆ" ಅಂದ.