ಯಾತ್ರೆಯಿಂದ ತಂದ ಸೀಸದ ಬಿಲ್ಲೆ: ಮನೆಯಲ್ಲಿ ಏನು ಮಾಡುತ್ತಿದ್ದರು?

ಹಳೇನಾಣ್ಯ:
ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಸಂತ, ಅಲ್ಲಿನ ಆರ್ಚ್‌ಬಿಷಪ್ ಆಗಿದ್ದ ಥಾಮಸ್ ಬೆಕೆಟ್‌ನ ಮುಖವಿರುವ ಪುಟ್ಟ ಬಿಲ್ಲೆಗಳನ್ನು ನೋಡಿದೆ. ಮಧ್ಯಯುಗದ ಯಾತ್ರಿಕರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಅಷ್ಟೇನಾ? ಸುಮ್ನೆ ಹೋಗಿ ಬಂದೆ ಅಂತ ತೋರಿಸಲಿಕ್ಕಾ?

ಬೆಸುಗೆಯವ:
ತೋರಿಸಲಿಕ್ಕೂ ಹೌದು. ನಾನು ರೇಡಿಯೋ ರಿಪೇರಿಯವನು, ನನ್ನ ಕಣ್ಣು ಮೊದಲು ಲೋಹದ ಮೇಲೆ ಬೀಳುತ್ತದೆ. ತವರ, ಸೀಸ ಬೆರೆಸಿದ್ದು, ಹಳೇ ಸೋಲ್ಡರ್ ತಂತಿಯ ಕುಲವೇ. ಸೌದೆ ಬೆಂಕಿಗೇ ಕರಗುತ್ತದೆ. ಕಲ್ಲಿನ ಅಚ್ಚಿಗೆ ಸುರಿದರೆ ಹಿಂದಿನ ಪಿನ್ನೂ ಜೊತೆಗೇ ಎರಕವಾಗಿ ಬರುತ್ತದೆ. ಹಾಗಾಗಿ ಬಡವನಿಗೂ ಎಟುಕುವ ಬೆಲೆ. 1466ರಲ್ಲಿ ಸ್ವಿಟ್ಜರ್ಲೆಂಡಿನ ಯಾತ್ರಾಸ್ಥಳ ಐನ್‌ಸೀಡೆಲ್ನ್‌ನಲ್ಲಿ 14 ದಿನಕ್ಕೆ 1,30,000 ಬಿಲ್ಲೆ ಮಾರಾಟವಾದವಂತೆ!

ಕೊಂಡ ಬಿಲ್ಲೆಯನ್ನು ಸಂತನ ಸಮಾಧಿಗೆ ಮುಟ್ಟಿಸಿದರೆ ಅದಕ್ಕೂ ಶಕ್ತಿ ಬಂತು ಅಂತ ನಂಬಿಕೆ. ಆಮೇಲೆ ಅದು ಬರೀ ಗುರುತಲ್ಲ, ರಕ್ಷೆ. ಪ್ರಾರ್ಥನೆ ಪುಸ್ತಕದ ಹಾಳೆಗೆ ಹೊಲಿಯುತ್ತಿದ್ದರು. ಚರ್ಚಿನ ಗಂಟೆ ಎರಕ ಹೊಯ್ಯುವಾಗ ಅದರ ಮೈಮೇಲೂ ಬಿಲ್ಲೆಯ ಅಚ್ಚು ಮೂಡಿಸುತ್ತಿದ್ದರು.

ಕ್ಯಾಂಟರ್ಬರಿಯಲ್ಲಿ ಸೀಸದ ಪುಟ್ಟ ಕುಪ್ಪಿಯೂ ಸಿಗುತ್ತಿತ್ತು. 1170ರಲ್ಲಿ ಕೊಲೆಯಾದ ಬೆಕೆಟ್‌ನ ರಕ್ತ ಬೆರೆತದ್ದು ಅನ್ನುವ ನೀರು ಒಳಗೆ. ರೋಗಿಗಳು ಕುಡಿಯುತ್ತಿದ್ದರು, ಮೈಗೆ ಹಚ್ಚುತ್ತಿದ್ದರು. ಕೆಲವು ಕುಪ್ಪಿಗಳ ಮೇಲೆ ಲ್ಯಾಟಿನ್‌ನಲ್ಲಿ 'ಒಳ್ಳೆಯ ರೋಗಿಗಳಿಗೆ ಥಾಮಸನೇ ಅತ್ಯುತ್ತಮ ವೈದ್ಯ' ಅಂತಿದೆ. ಗುಣವಾಗದಿದ್ದರೆ ತಪ್ಪು ರೋಗಿಯದು, ಜಾಣ ಬರಹ!

ಗದ್ದೆಬದು:
ಇಂಥ ಕುಪ್ಪಿಗಳು ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಜಾಸ್ತಿ ಸಿಗುತ್ತವೆ. ಬೆಳೆ ಚೆನ್ನಾಗಿ ಬರಲಿ ಅಂತ ನೀರು ಚಿಮುಕಿಸಿ ಅಲ್ಲೇ ಬಿಟ್ಟಿರಬೇಕು ಅಂತ ಕೆಲವು ಸಂಶೋಧಕರ ಊಹೆ. ರೈತನಾಗಿ ನನಗೆ ಇದು ಸರಿ ಅನ್ನಿಸುತ್ತದೆ.

ಹಳೇನಾಣ್ಯ:
ಮತ್ತೆ ಕನ್ನಡಿ ಕೂಡಿಸಿದ ಬಿಲ್ಲೆ ಅಂತ ಓದಿದೆ, ಅದೇನು?

ಬೆಸುಗೆಯವ:
ಅದು ಜರ್ಮನಿಯ ಆಖನ್‌ನದು. ಅಲ್ಲಿ ಏಳು ವರ್ಷಕ್ಕೊಮ್ಮೆ ಯೇಸುವಿನ ತಾಯಿ ಮೇರಿಯದು ಅನ್ನುವ ಉಡುಪು ಮುಂತಾದ ಪವಿತ್ರ ವಸ್ತ್ರಗಳನ್ನು ಎತ್ತರದಿಂದ ತೋರಿಸುತ್ತಿದ್ದರು. ಜನಜಂಗುಳಿಯಲ್ಲಿ ಮುಟ್ಟುವುದು ದೂರದ ಮಾತು. ಕನ್ನಡಿ ಎತ್ತಿ ಹಿಡಿದರೆ ಆ ಪ್ರಭೆ ಅದರಲ್ಲಿ ಉಳಿಯುತ್ತದೆ ಅಂತ ನಂಬಿಕೆ, ಮನೆಯವರಿಗೂ ಒಯ್ಯಬಹುದಲ್ವಾ. ಮುದ್ರಣದ ಗುಟೆನ್‌ಬರ್ಗ್ ಪಾಲುದಾರರ ಜೊತೆ ಇಂಥ ಕನ್ನಡಿ ಮಾಡಿಸಲು ದುಡ್ಡು ಹಾಕಿದ್ದ. ಯಾತ್ರೆ 1439ರಲ್ಲಿ ಅಂದುಕೊಂಡಿದ್ದರು, ಅದು 1440ಕ್ಕೆ ಹೋಯಿತು. ಅಷ್ಟರಲ್ಲಿ ಪಾಲುದಾರನೊಬ್ಬ ತೀರಿಕೊಂಡು ಅವನ ಅಣ್ಣತಮ್ಮಂದಿರು ಕೋರ್ಟಿಗೆ ಹೋದರು. ಕನ್ನಡಿಯ ಕಥೆ ನಮಗೆ ಗೊತ್ತಾಗಿದ್ದೇ ಆ ಕೇಸಿನ ಕಾಗದಗಳಿಂದ.